‘ಆರಾಮ’ದೊಳಗೆ ‘ರಾಮ’ ಸಿಗಬಾರದು: ಆಟದ ಪ್ರೋಗ್ರಾಂನಲ್ಲಿ ಹೆಸರು ಹುಡುಕುವ ಬಗೆ

ಆನೆಗೊಂದಿಯ ದಡದಲ್ಲಿ ಹರಿಗೋಲಿನ ಅಂಬಿಗ ನಿಂತಿದ್ದಾನೆ ಎಂದುಕೊಳ್ಳಿ. ಆಟ ಆಡುವವರು ‘ಆರಾಮ ಅದೀರೇನ್ರಿ?’ ಎಂದು ಟೈಪ್ ಮಾಡಿದರೆ ಅಂಬಿಗ ‘ರಾಮ ಮುಂಜಾನೇನ ಹೋದ್ನಲ್ರೀ’ ಅನ್ನುತ್ತಾನೆ. ಪ್ರೋಗ್ರಾಂ ತನಗೆ ಹೇಳಿದ್ದನ್ನೇ ಮಾಡಿದೆ: ಪಾತ್ರ, ಊರುಗಳ ಹೆಸರಿನ ಪಟ್ಟಿ ಹಿಡಿದು ಟೈಪ್ ಮಾಡಿದ ಮಾತಿನೊಳಗೆ ಹುಡುಕಿದೆ. ‘ಆರಾಮ’ ಎಂಬ ಪದದೊಳಗೆ ‘ರಾಮ’ ಇದ್ದೇ ಇದೆ, ‘ವಿರಾಮ’ದಲ್ಲೂ ಇದೆ. ಕೊಪ್ಪಳ, ರಾಯಚೂರು ಕಡೆಯ ಮಾತನ್ನು ಆಟಕ್ಕೆ ತರುವವರು ಮೊದಲು ಎಡವುವುದು ಇಲ್ಲೇ. ಕೆಳಗಿನ ವಿವರ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ಗೆ ಸಂಬಂಧಿಸಿದ್ದು.

ಮೊದಲು ಪಠ್ಯ ತೊಳೆಯಿರಿ

‘ಕೊಪ್ಪಳ’ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ 6 ಸಂಕೇತ. ‘ಕೊ’ದ ಒತ್ವವನ್ನು ಎತ್ವ ಮತ್ತು ದೀರ್ಘ ಕೊಂಬು ಎಂದು ಬಿಡಿಬಿಡಿಯಾಗಿಯೂ ಬರೆಯಲು ಬರುತ್ತದೆ. ಆಗ ಅದೇ ಪದ 7 ಸಂಕೇತವಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್ ಫಂಕ್ಷನ್ ಬಳಸಿ, ಪಟ್ಟಿಯ ಹೆಸರನ್ನೂ ಟೈಪ್ ಮಾಡಿದ ಮಾತನ್ನೂ ‘ಎನ್ಎಫ್‌ಸಿ’ ಎಂಬ, ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ ತನ್ನಿ. ‘ರಾಜ್‌ಕುಮಾರ’ದಂಥ ಪದಗಳ ನಡುವೆ ಅಡಗಿರುವ ಸೊನ್ನೆ ಅಗಲದ ಚಿಹ್ನೆಗಳನ್ನು ಎರಡೂ ಕಡೆ ಅಳಿಸಿ. ಇದು ಹೋಲಿಕೆಗಷ್ಟೇ, ಪರದೆಗೆ ಮೂಲ ಪಠ್ಯವನ್ನೇ ತೋರಿಸಿ, ಇಲ್ಲವಾದರೆ ‘ರಾಜ್ಕುಮಾರ’ ಎಂದು ಒತ್ತಕ್ಷರವಾಗಿ ಕಾಣುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಹೆಸರಿನ ಪಟ್ಟಿಯಿದ್ದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳದೆ ಒಂದು ಹೆಸರೂ ಸಿಗದು.

ಪದ ಬಿಡಿಸಿ, ಮುಂಭಾಗ ಬಿಗಿ ಮಾಡಿ

ಪ್ರಶ್ನಾರ್ಥಕ, ಅಲ್ಪವಿರಾಮ, ಪೂರ್ಣವಿರಾಮಗಳ ಜಾಗದಲ್ಲಿ ಖಾಲಿ ಜಾಗ ಇಟ್ಟು, ‘ಸ್ಪ್ಲಿಟ್’ನಿಂದ ಪದಗಳನ್ನು ಬೇರ್ಪಡಿಸಿ. ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ‘ಪದದ ಗಡಿ’ ಗುರುತನ್ನು ಇಲ್ಲಿ ನಂಬಬೇಡಿ. ಪೈಥಾನ್ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್ ಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲ. ಹೀಗಾಗಿ ‘ವಿರಾಮ’ದ ಗುಡಿಸು ಮುಗಿದಲ್ಲೇ ಅದಕ್ಕೊಂದು ಗಡಿ ಕಾಣುತ್ತದೆ, ‘ರಾಮ’ ಮತ್ತೆ ಸಿಕ್ಕಿಬೀಳುತ್ತಾನೆ. ‘ರಾಮು’ ಕೂಡ ‘ರಾಮ’ನಾಗುತ್ತಾನೆ.

ಬದಲಿಗೆ, ಪ್ರತಿ ಪದವೂ ಹೆಸರಿನಿಂದಲೇ ಶುರುವಾಗುತ್ತದೆಯೇ ಎಂದು ‘ಸ್ಟಾರ್ಟ್ಸ್‌ವಿತ್’ ಬಳಸಿ ನೋಡಿ. ‘ಆರಾಮ’, ‘ವಿರಾಮ’ ಎರಡೂ ಇಲ್ಲೇ ಉದುರುತ್ತವೆ. ‘ಫೈಂಡ್’ ಬಳಸಿದರೆ ಎಚ್ಚರ: ಮೊದಲಲ್ಲೇ ಸಿಕ್ಕರೆ ಅದು ಕೊಡುವ ಉತ್ತರ 0, ಸಿಗದಿದ್ದರೆ -1. ‘ಇಫ್’ಗೆ 0 ಎಂದರೆ ಸುಳ್ಳು, -1 ಎಂದರೆ ನಿಜ. ಹಾಗೇ ಬರೆದುಬಿಟ್ಟರೆ ಎಲ್ಲವೂ ತಿರುವುಮುರುವು.

ಹಿಂಭಾಗಕ್ಕೆ ಪ್ರತ್ಯಯದ ಪಟ್ಟಿ

ಹೆಚ್ಚು ಹೊತ್ತು ಕೂರಬೇಕಾದ ಕೆಲಸ ಇದು. ಕನ್ನಡದಲ್ಲಿ ಹೆಸರು ಬರಿಗೈಯಲ್ಲಿ ಬರುವುದು ಅಪರೂಪ: ರಾಮನ, ರಾಮಗ, ರಾಮನಿಂದ, ರಾಮನೂ. ಹೆಸರು ಕಳೆದು ಉಳಿದ ತುಂಡು ನಿಮ್ಮ ಪ್ರತ್ಯಯಪಟ್ಟಿಯಲ್ಲಿ ಇದ್ದರಷ್ಟೇ ಒಪ್ಪಿಕೊಳ್ಳಿ. ಏನೂ ಉಳಿಯದಿದ್ದರೂ ಸರಿ. ‘ಗಂಗಾವತಿಗೆ’ ಎಂಬಲ್ಲಿ ‘ಗಂಗಾ’ ಕಳೆದರೆ ಉಳಿಯುವುದು ‘ವತಿಗೆ’. ಅದು ಪ್ರತ್ಯಯವಲ್ಲ, ಹಾಗಾಗಿ ಗಂಗಾ ಎಂಬ ಪಾತ್ರಕ್ಕೆ ಮಾತು ಹೋಗದು.

ಊರುಗಳಿಗೆ ಬೇರೆ ಉಪಾಯ ಬೇಕು. ರಾಯಚೂರು, ರಾಯಚೂರಿಗೆ, ರಾಯಚೂರಾಗ: ಕೊನೆಯ ಕೊಂಬು ನಿಲ್ಲುವುದಿಲ್ಲ. ಪಟ್ಟಿಯಲ್ಲಿ ‘ರಾಯಚೂರ’ ಎಂದಿಟ್ಟು, ಕೊಂಬು, ಗುಡಿಸು ಅಥವಾ ‘ಆ’ಕಾರದ ಇಳಿಯಿಂದ ಶುರುವಾಗುವ ತುಂಡುಗಳನ್ನು ಪ್ರತ್ಯಯಪಟ್ಟಿಗೆ ಸೇರಿಸಿ. ಬಳ್ಳಾರಿಗೂ ಗುಡಿಸು ತೆಗೆದು ‘ಬಳ್ಳಾರ’ ಎಂದಿಡಿ. ಪ್ರತ್ಯಯಪಟ್ಟಿಗೆ ‘್ಯಾಗ’ ಎಂಬ ತುಂಡನ್ನೂ ಸೇರಿಸಿದರೆ ‘ಬಳ್ಳಾರ್ಯಾಗ’ ಅಂದರೂ ತಿಳಿಯುತ್ತದೆ. ಹಂಪಿ–ಹಂಪೆ, ಆನೆಗೊಂದಿ–ಆನೆಗುಂದಿ ಇವನ್ನು ಒಂದೇ ಸ್ಥಳಕ್ಕೆ ಜೋಡಿಸಿ. ವ್ಯಕ್ತಿಗೂ ಊರಿಗೂ ಒಂದೇ ಪ್ರತ್ಯಯಪಟ್ಟಿ ಮಾಡಿದರೆ ‘ರಾಮು’ ಮತ್ತೆ ‘ರಾಮ’ನಾಗುತ್ತಾನೆ, ಎರಡು ಪಟ್ಟಿಯೇ ಇರಲಿ.

ಎರಡು ಪದದ ಹೆಸರು, ಉದಾಹರಣೆಗೆ ‘ಅಂಜನಾದ್ರಿ ಬೆಟ್ಟ’, ಇದ್ದರೆ ಮೊದಲ ಪದ ಪೂರ್ತಿ ಹೊಂದಬೇಕು. ಪ್ರತ್ಯಯಕ್ಕೆ ಅವಕಾಶ ಎರಡನೆಯದಕ್ಕೆ ಮಾತ್ರ.

ಹುಡುಕಾಟ ನಡೆಯಬೇಕಾದದ್ದು ಎಂಟರ್ ಒತ್ತಿದಾಗ ಒಮ್ಮೆ. ಸೆಕೆಂಡಿಗೆ 60 ಫ್ರೇಮ್ ಓಡುವ ಲೂಪಿನೊಳಗೆ ಇಡಬೇಡಿ.

ಸಿಗದಿದ್ದಾಗ

‘ಕೊಪ್ಪಳದಲ್ಲಿದೆಯಾ’ ಎಂಬಂಥ ಸಂಧಿಗಳು ಯಾವ ಪಟ್ಟಿಗೂ ಒಮ್ಮೆಲೇ ಸಿಗುವುದಿಲ್ಲ. ಉಳಿದ ತುಂಡು ಗುರುತಾಗದಿದ್ದರೆ ಊಹಿಸದೆ, ಅಂಬಿಗನಿಂದಲೇ ‘ಯಾರನ್ನ ಕೇಳಾಕ ಹತ್ತೀರಿ?’ ಎನ್ನಿಸಿ, ಆ ವಾಕ್ಯವನ್ನು ಒಂದು ಕಡತಕ್ಕೆ ಬರೆಸಿ. ನಾಲ್ಕಾರು ಜನ ಆಡಿದ ಮೇಲೆ ಆ ಕಡತ ತೆರೆದರೆ ಪಟ್ಟಿಗೆ ಇನ್ನೇನು ಸೇರಿಸಬೇಕೆಂದು ತಿಳಿಯುತ್ತದೆ.

ಇಷ್ಟಾದರೂ ಒಂದು ಗಂಟು ಬಿಡಿಸಲಾಗದು. ಪಾತ್ರದ ಹೆಸರು ‘ಮಲ್ಲಿ’ ಎಂದಿದ್ದರೆ ‘ಮಲ್ಲಿಗೆ ಕೊಡು’ ಎಂಬಲ್ಲಿ ಕೊಡಬೇಕಾದದ್ದು ಹೂವನ್ನೋ, ಅವಳಿಗೋ? ಮನುಷ್ಯರೇ ತಡವರಿಸುವ ಜಾಗ ಇದು. ಕೋಡ್ ತಿದ್ದುತ್ತ ಕೂರುವುದಕ್ಕಿಂತ ಅವಳ ಹೆಸರನ್ನು ಮಲ್ಲವ್ವ ಎಂದು ಬದಲಿಸುವುದು ಸಲೀಸು.