ಪಾಂಪೆ ನೋಡಲು ಅಮ್ಮನಿಗೊಂದು ಕನ್ನಡ ಆಡಿಯೋ ಗೈಡ್: ನನ್ನ ಅನುಭವ

ಹಳೇ ಕಾಲದ ಜಾಗಗಳಿಗೆ ಹೋಗುವಾಗ ನಾನು ಆಡಿಯೋ ಗೈಡ್ ಡೌನ್‌ಲೋಡ್ ಮಾಡಿಕೊಂಡೇ ಹೊರಡುತ್ತೇನೆ. ರೋಮ್‌ನ ಫೋರಂ, ಅಥೆನ್ಸ್‌ನ ಆಕ್ರೊಪೊಲಿಸ್ ಎರಡನ್ನೂ ನೋಡಿದ್ದು ಹಾಗೇ. ಅಮೆರಿಕದ ಪ್ರವಾಸ ಲೇಖಕ ರಿಕ್ ಸ್ಟೀವ್ಸ್ ಅವರ ಆಡಿಯೋ ಯುರೋಪ್ ಆ್ಯಪ್‌ನಲ್ಲಿ ಈ ಎರಡೂ ಉಚಿತವಾಗಿ ಸಿಗುತ್ತವೆ. ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಇಟಲಿಯ ಹಳೇ ರೋಮನ್ ಊರು ಪಾಂಪೆಯದ್ದೂ ಇದೆ. ಆದರೆ ಎಲ್ಲ ಇಂಗ್ಲಿಷಿನಲ್ಲಿ.

ಅಮ್ಮ ಜರ್ಮನಿಗೆ ನಮ್ಮ ಮನೆಗೆ ಬಂದಾಗ ಇಟಲಿಗೆ ಹೋಗೋಣ ಅಂತ ಆಯಿತು. ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ. ಕಿವಿಗೆ ಬೀಳುವ ವೇಗದ ಇಂಗ್ಲಿಷ್ ಮಾತ್ರ ಕೈಗೆ ಸಿಗೋದಿಲ್ಲ. ನಾನೇ ಪಕ್ಕದಲ್ಲಿ ನಿಂತು ಹೇಳಬಹುದಿತ್ತು, ಆದರೆ ಆಗ ಅಮ್ಮ ನನ್ನ ಹಿಂದೆ ನನ್ನ ವೇಗದಲ್ಲೇ ನಡೆಯಬೇಕು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನ ನೋಡುವವರೇ ತೀರ್ಮಾನ ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆಡಿಯೋ ಗೈಡ್‌ನಲ್ಲಿ ನನಗೆ ಇಷ್ಟವಾದದ್ದೂ ಅದೇ. ಬೇಕಾದಾಗ ನಿಲ್ಲಿಸಬಹುದು. ಹಾಗಾಗಿ ಅಮ್ಮನಿಗೆ ಕನ್ನಡದಲ್ಲಿ ನಾನೇ ಮಾಡಿಕೊಟ್ಟೆ.

ಮೊದಲು ಇಂಗ್ಲಿಷ್ ಗೈಡನ್ನು ನಕ್ಷೆ ಮುಂದಿಟ್ಟುಕೊಂಡು ಮನೆಯಲ್ಲೇ ಕೇಳಿದೆ. ಪಾಂಪೆಯ ಅಧಿಕೃತ ವೆಬ್‌ಸೈಟಿನಲ್ಲಿ ನಕ್ಷೆ ಉಚಿತವಾಗಿ ಸಿಗುತ್ತದೆ. ಅಲ್ಲಿಗೆ ಹೋಗದವರೂ ಹೀಗೆ ಕೇಳಿದರೆ ಊರಿನ ದಿಕ್ಕು ತಲೆಯಲ್ಲಿ ಕೂರುತ್ತದೆ. ಆದರೆ ಆ ರೆಕಾರ್ಡಿಂಗನ್ನು ನಾನು ಹಾಗೇ ಕನ್ನಡಕ್ಕೆ ಇಳಿಸಲಿಲ್ಲ. ಅದು ಬೇರೆಯವರ ಕೆಲಸ. ಜೊತೆಗೆ, ಅದು ಉತ್ತರ ಕೊಡುವ ಪ್ರಶ್ನೆಗಳು ಅಮ್ಮನ ಪ್ರಶ್ನೆಗಳಲ್ಲ. ಅಮ್ಮನಿಗೆ ಚಕ್ರವರ್ತಿಗಳ ಹೆಸರು ಬೇಡ. ನೀರು ಎಲ್ಲಿಂದ ಬರುತ್ತಿತ್ತು, ಹಿಟ್ಟು ಯಾರು ಬೀಸುತ್ತಿದ್ದರು, ಅಡುಗೆ ಎಲ್ಲಿ ಮಾಡುತ್ತಿದ್ದರು, ಅದು ಬೇಕು. ಅವಳನ್ನೇ ಕೂರಿಸಿಕೊಂಡು ಕೇಳಿದೆ. ಅವಳು ಕೇಳಿದ್ದನ್ನೆಲ್ಲ ಬರೆದುಕೊಂಡು, ಅದಕ್ಕೆ ಉತ್ತರ ಹುಡುಕಿ ಓದಿದೆ.

ಓದುವಾಗ ಒಂದು ವಿಷಯ ಗಮನಕ್ಕೆ ಬಂತು. ಪಾಂಪೆಯನ್ನು ಮುಚ್ಚಿಹಾಕಿದ ವೆಸೂವಿಯಸ್ ಜ್ವಾಲಾಮುಖಿ ಸಿಡಿದದ್ದು ಕ್ರಿ.ಶ. 79ರ ಆಗಸ್ಟ್ 24ರಂದು ಅಂತ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಕೇಳುತ್ತೇವೆ. 2018ರಲ್ಲಿ ಅಲ್ಲಿನ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಸಾಲು ಸಿಕ್ಕಿತು. ಅದರಲ್ಲಿರೋದು ಅಕ್ಟೋಬರ್ 17ಕ್ಕೆ ಸಮನಾದ ದಿನ. ಇದ್ದಿಲಿನ ಬರಹ ಬಹಳ ಕಾಲ ಉಳಿಯಲಾರದು, ಆದ್ದರಿಂದ ಊರು ಮುಚ್ಚಿಹೋದದ್ದು ಅದಾದ ಮೇಲೆ ಇರಬೇಕು ಅಂತ ಹಲವು ಸಂಶೋಧಕರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ಯಾವ ಗೈಡ್ ಡೌನ್‌ಲೋಡ್ ಮಾಡಿದರೂ ಅದು ಯಾವಾಗಿನದು ಅಂತ ಒಮ್ಮೆ ನೋಡಿಕೊಳ್ಳಿ. ಪಾಂಪೆಯಲ್ಲಿ ಅಗೆತ ಶುರುವಾದದ್ದು 1748ರಲ್ಲಿ, ಇವತ್ತಿಗೂ ನಡೆಯುತ್ತಿದೆ. ಹೊಸದು ಸಿಗುತ್ತಲೇ ಇರುತ್ತದೆ.

ಪ್ರತಿ ಜಾಗಕ್ಕೂ ಬೇರೆ ಫೈಲ್ ಮಾಡಿದೆ. ಒಂದೊಂದೂ ಎರಡು ಮೂರು ನಿಮಿಷ, ಅಷ್ಟೇ. ಕಥೆ ಒಂದರಿಂದ ಇನ್ನೊಂದಕ್ಕೆ ಮುಂದುವರಿಯಬಾರದು, ಯಾಕೆಂದರೆ ಪಾಂಪೆಯಲ್ಲಿ ಮನೆಗಳನ್ನು ದುರಸ್ತಿಗೆಂದು ಸರದಿಯಲ್ಲಿ ಮುಚ್ಚಿ ತೆರೆಯುತ್ತಾರೆ. ನಾವು ಹೋದ ದಿನ ಯಾವುದು ತೆರೆದಿರುತ್ತದೋ ಹೇಳೋಕಾಗೋದಿಲ್ಲ. ಮಧ್ಯೆ ಎರಡು ಬಿಟ್ಟರೂ ಮೂರನೆಯದು ಅರ್ಥ ಆಗಬೇಕು.

ಫೈಲಿನ ಹೆಸರಿಗೆ ಪಾಂಪೆಯೇ ಒಳ್ಳೆಯ ದಾರಿ ಕೊಟ್ಟಿದೆ. 19ನೇ ಶತಮಾನದಲ್ಲಿ ಅಗೆತದ ಮೇಲ್ವಿಚಾರಣೆ ನೋಡಿಕೊಂಡ ಜುಸೆಪ್ಪೆ ಫಿಯೊರೆಲ್ಲಿ ಇಡೀ ಊರನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ಕಟ್ಟಡಗಳ ಗುಂಪಿಗೆ ಒಂದು ನಂಬರು, ಪ್ರತಿ ಬಾಗಿಲಿಗೆ ಒಂದು ನಂಬರು ಕೊಟ್ಟರು. ಬೀದಿ ಮೂಲೆಗಳಲ್ಲಿ ಆ ಫಲಕಗಳು ಈಗಲೂ ಇವೆ, ರೋಮನ್ ಅಂಕಿಯಲ್ಲಿ. ಹಾಗಾಗಿ ನನ್ನ ಫೈಲುಗಳ ಹೆಸರು ‘6-12-2 ಫಾನ್ ಮನೆ’, ‘7-1-36 ಬೇಕರಿ’ ಹೀಗಿದ್ದವು. (ಫಾನ್ ಮನೆ ಅನ್ನೋದು ಪಾಂಪೆಯ ಒಂದು ದೊಡ್ಡ ಶ್ರೀಮಂತರ ಮನೆ.) ರೋಮನ್ ಅಂಕಿ ಅಮ್ಮನಿಗೆ ಹಳೇ ಗೋಡೆ ಗಡಿಯಾರದಿಂದಲೇ ಗೊತ್ತು. ಮೂಲೆಯ ಫಲಕ ನೋಡಿ, ಫೋನಿನಲ್ಲಿ ಅದೇ ನಂಬರು ಹುಡುಕಿ, ಒತ್ತಿದರೆ ಆಯಿತು. ಜಿಪಿಎಸ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ.

ಪ್ರತಿ ಫೈಲಿನ ಮೊದಲ ಮಾತು ಎಲ್ಲಿ ನಿಲ್ಲಬೇಕು ಅನ್ನೋದೇ. ‘ಎಡಗಡೆ ನೋಡು’ ಅಂದರೆ ಸಾಲದು. ಯಾವ ಕಡೆ ಮುಖ ಮಾಡಿದಾಗ ಎಡ? ಪಾಂಪೆಯಲ್ಲಿ ಇದಕ್ಕೆ ವೆಸೂವಿಯಸ್ ಇದೆ. ಊರಿನ ಮುಖ್ಯ ಚೌಕವಾದ ಫೋರಂನ ಫೈಲ್ ಹೀಗೆ ಶುರುವಾಗುತ್ತದೆ: ‘ಅಮ್ಮಾ, ಬೆಟ್ಟ ಎದುರಿಗೆ ಬರೋ ಹಾಗೆ ನಿಂತುಕೋ. ಬೆಟ್ಟದ ಮುಂದೆ ಎತ್ತರದ ಕಟ್ಟೆ ಕಾಣ್ತಿದೆಯಲ್ಲ, ಅದು ಜೂಪಿಟರ್ ಗುಡಿ.’ ಆಮೇಲೆ ಏನು ನೋಡಬೇಕು. ಆಮೇಲೆ ಅಲ್ಲಿ ಜನ ಏನು ಮಾಡುತ್ತಿದ್ದರು. ಈ ಮೂರಕ್ಕಿಂತ ಜಾಸ್ತಿ ತುರುಕಿದ ಫೈಲುಗಳನ್ನೆಲ್ಲ ಕತ್ತರಿಸಿದೆ. ಬಿಸಿಲಲ್ಲಿ ನಿಂತು ಕೇಳುವವರಿಗೆ ಉದ್ದದ ಮಾತು ಭಾರ.

ರೆಕಾರ್ಡ್ ಮಾಡಿದ್ದು ಫೋನಿನಲ್ಲೇ. ರಾತ್ರಿ ಮನೆ ಸದ್ದಡಗಿದ ಮೇಲೆ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕೂತು. ಬಟ್ಟೆ ಇದ್ದರೆ ದನಿ ಗುಂಯ್‌ಗುಡೋದಿಲ್ಲ. ಪೂರ್ತಿ ಬರೆದುಕೊಂಡು ಓದಿದರೆ ವಾರ್ತೆ ಓದಿದ ಹಾಗೆ ಕೇಳುತ್ತಿತ್ತು. ಆದ್ದರಿಂದ ಬರೀ ಗುರುತು ಹಾಕಿಕೊಂಡು, ಅಮ್ಮ ಎದುರಿಗೆ ಇದ್ದಾಳೆ ಅಂತ ಮಾತಾಡಿದೆ. ಫೈಲುಗಳನ್ನು ಅಮ್ಮನ ಫೋನಿಗೆ ಹಾಕಿ, ಏರ್‌ಪ್ಲೇನ್ ಮೋಡ್ ಒತ್ತಿ, ಒಂದೊಂದನ್ನೂ ಓಡಿಸಿ ನೋಡಿದೆ. ನೀವು ಆ್ಯಪ್‌ನಿಂದ ಇಳಿಸಿಕೊಂಡರೂ ಇದನ್ನ ಮಾಡಲೇಬೇಕು. ಡೌನ್‌ಲೋಡ್ ಆಗಿದೆ ಅಂತ ಕಂಡದ್ದು ಕೆಲವು ಸಲ ಅರ್ಧ ಮಾತ್ರ ಇಳಿದಿರುತ್ತದೆ.

ನೇಪಲ್ಸ್‌ನಿಂದ ಸೊರೆಂಟೊ ಕಡೆ ಹೋಗುವ ಚಿಕ್ಕ ರೈಲಿನಲ್ಲಿ ಪಾಂಪೆ ಸ್ಕಾವಿ ಸ್ಟೇಷನ್ನಿಗೆ ಇಳಿದರೆ ಪೋರ್ತಾ ಮರೀನಾ ಬಾಗಿಲು ಹತ್ತಿರದಲ್ಲೇ ಇದೆ. 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟಿನ ಮೇಲೆ ಹೆಸರೂ ಇರುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಪವರ್ ಬ್ಯಾಂಕ್, ಟೋಪಿ, ಖಾಲಿ ಬಾಟಲಿ ಸಾಕು. ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ. ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಳ್ಳಿ. ಬೀದಿಯ ಕಲ್ಲುಗಳು ಏರುಪೇರು, ಜೊತೆಯವರು ಎಚ್ಚರಿಸಿದರೆ ಕೇಳಬೇಕು ಅಲ್ವಾ.

ಅಮ್ಮ ಜಾಸ್ತಿ ಹೊತ್ತು ನಿಂತದ್ದು ಬೇಕರಿಯಲ್ಲಿ. ಮೊಡೆಸ್ಟಸ್‌ನ ಬೇಕರಿ ಅಂತ ಕರೆಯುತ್ತಾರೆ. ಲಾವಾ ಕಲ್ಲಿನ ದೊಡ್ಡ ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ. ಕೆಳಗೆ ಮೊನಚಾದ ಗುಡ್ಡೆಯಂಥ ಕಲ್ಲು, ಮೇಲೆ ನಡು ಸಣ್ಣಗಿರುವ ಟೊಳ್ಳು ಕಲ್ಲು. ಮೇಲಿಂದ ಕಾಳು ಸುರಿದು, ಮರದ ತೊಲೆ ಸಿಕ್ಕಿಸಿ, ಕತ್ತೆಯೋ ಗುಲಾಮರೋ ಸುತ್ತ ಸುತ್ತುತ್ತಿದ್ದರು. ಪಕ್ಕದಲ್ಲೇ ಇಟ್ಟಿಗೆಯ ಒಲೆ. ಅಗೆದಾಗ ಇಲ್ಲಿ 81 ಬ್ರೆಡ್‌ಗಳು ಕರಕಲಾಗಿ ಸಿಕ್ಕವು. ದುಂಡಗೆ, ಎಂಟು ಹೋಳಾಗುವಂತೆ ಮೇಲೆ ಗೆರೆ. ಇಷ್ಟನ್ನು ಫೈಲಿನಲ್ಲಿ ಹೇಳಿದ್ದೆ. ಅಮ್ಮ ಕೇಳಿ, ನಿಲ್ಲಿಸಿ, ಕಲ್ಲಿನ ಸುತ್ತ ಒಂದು ಸುತ್ತು ಬಂದು ನನ್ನನ್ನು ಕರೆದಳು.

‘ಈ ಕಲ್ಲುಗಳ ಮಧ್ಯೆ ಜಾಗ ಎಷ್ಟು ಕಮ್ಮಿ ಇದೆ ನೋಡೇ. ಕತ್ತೆಗೆ ತಿರುಗೋಕೂ ಕಷ್ಟ. ಪಾಪ, ದಿನವಿಡೀ ಸುತ್ತುತಾ ಇದ್ವೇನೋ.’

ಯಾವ ಗೈಡೂ ನನಗೆ ಆ ಜಾಗವನ್ನು ಅಳೆದು ನೋಡಲು ಹೇಳಿರಲಿಲ್ಲ. ಕೈಯಲ್ಲಿ ರಾಗಿ ಬೀಸಿದವಳಿಗೆ ಅದು ಮೊದಲು ಕಂಡಿತು. ನಿಲ್ಲಿಸಿ ನೋಡಲು ಪುರಸೊತ್ತು ಇದ್ದದ್ದರಿಂದ ಕಂಡಿತು. ಗುಂಪಿನ ಜೊತೆ ಬಂದವರು ಅಷ್ಟರಲ್ಲಿ ಬಂದು, ಫೋಟೋ ತೆಗೆದು, ಹೋಗಿಯೂ ಆಗಿತ್ತು.

ಬೀದಿ ಕೂಡುವ ಕಡೆ ಕಲ್ಲಿನ ನೀರಿನ ತೊಟ್ಟಿಗಳಿವೆ. ನೀರು ಕುಡಿಯಲು ಬಗ್ಗಿದವರು ಕೈ ಊರಿ ಊರಿ ತೊಟ್ಟಿಯ ಅಂಚು ಸವೆದಿದೆ. ‘ನೀನೂ ಅಲ್ಲೇ ಕೈ ಇಡು’ ಅಂತ ಫೈಲಿನಲ್ಲಿ ಹೇಳಿದ್ದೆ. ಹೀಗೆ ಕೈಗೆ, ಕಾಲಿಗೆ ಏನಾದರೂ ಕೆಲಸ ಕೊಡುವ ಮಾತು ಗೈಡ್‌ನಲ್ಲಿ ಇರಬೇಕು. ಆಗ ನೆನಪು ಉಳಿಯುತ್ತದೆ. ಫಾನ್ ಮನೆಯನ್ನು ಬೇಗ ಮುಗಿಸಿದೆವು. ಅಲೆಕ್ಸಾಂಡರನ ಯುದ್ಧದ ಮೊಸಾಯಿಕ್, ಅಂದರೆ ಬಣ್ಣದ ಕಲ್ಲಿನ ಚೂರು ಜೋಡಿಸಿದ ಚಿತ್ರ, ಅಲ್ಲಿರೋದು ನಕಲು, ಅಸಲಿ ನೇಪಲ್ಸ್ ಮ್ಯೂಸಿಯಂನಲ್ಲಿದೆ.

ಓಡಿಹೋಗುವಾಗ ಸತ್ತವರ ತೋಟಕ್ಕೆ ಫೈಲ್ ಮಾಡುವಾಗ ನಾನು ತುಂಬಾ ಯೋಚಿಸಿದೆ. ಗಾಜಿನ ಹಿಂದೆ 13 ಜನ, ದೊಡ್ಡವರು, ಮಕ್ಕಳು. ಬೂದಿ ಗಟ್ಟಿಯಾಗಿ, ಒಳಗಿನ ದೇಹ ಕರಗಿ, ಆಕಾರದ ಟೊಳ್ಳು ಮಾತ್ರ ಉಳಿದಿರುತ್ತದೆ. ಆ ಟೊಳ್ಳಿಗೆ ಗಾರೆ ಸುರಿದು ಅಚ್ಚು ತೆಗೆಯುವ ಕ್ರಮವನ್ನು 1863ರಲ್ಲಿ ಶುರುಮಾಡಿದ್ದೂ ಫಿಯೊರೆಲ್ಲಿಯೇ. ಇದನ್ನು ಅಲ್ಲಿಗೆ ತಲುಪುವ ಮುಂಚಿನ ಫೈಲಿನಲ್ಲೇ ಹೇಳಿ ಮುಗಿಸಿದೆ. ಕೊನೆಗೆ, ‘ಈಗ ಇಯರ್‌ಫೋನ್ ತೆಗೆದುಬಿಡಮ್ಮ’ ಅಂದಿದ್ದೆ. ಅಲ್ಲಿ ಇರೋರು ಮನುಷ್ಯರು. ಅವರ ಮುಂದೆ ನಿಂತಾಗ ಕಿವಿಯಲ್ಲಿ ನನ್ನ ವಿವರಣೆ ಓಡುತ್ತಿರಬಾರದು ಅನಿಸಿತು.

ಮರುದಿನ ನೇಪಲ್ಸ್ ಮ್ಯೂಸಿಯಂ. ಪಾಂಪೆ ನೋಡಿದವರು ಇದನ್ನ ಬಿಡಲೇಬಾರದು. ಅಲ್ಲಿ ದಂತದ ಒಂದು ಪುಟ್ಟ ಹೆಣ್ಣು ವಿಗ್ರಹವಿದೆ. ಎತ್ತರ ಸುಮಾರು 25 ಸೆಂಟಿಮೀಟರ್. 1938ರಲ್ಲಿ ಪಾಂಪೆಯ ಮನೆಯೊಂದರಲ್ಲಿ ಸಿಕ್ಕಿದ್ದು, ಭಾರತದಲ್ಲಿ ಮಾಡಿದ್ದು. ‘ಪಾಂಪೆ ಲಕ್ಷ್ಮಿ’ ಅಂತ ಹೆಸರು ಬಂದಿದೆ, ಆದರೆ ಯಕ್ಷಿ ಇರಬೇಕು ಅನ್ನುವವರೇ ಈಗ ಜಾಸ್ತಿ. ಇದೇ ಥರದವು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲೂ ಸಿಕ್ಕಿವೆ. ಇಂಗ್ಲಿಷ್ ಗೈಡ್‌ಗಳು ಇದನ್ನು ದಾಟಿ ಹೋದರೂ ನನಗೆ ಅದು ಸಾಧ್ಯವಿರಲಿಲ್ಲ. ಇದೊಂದು ಫೈಲ್ ಮಾತ್ರ ಐದು ನಿಮಿಷ ಆಯಿತು. ಅಮ್ಮ ಬಳೆಗಳನ್ನೂ ಜಡೆಯನ್ನೂ ಹಿಂದಕ್ಕೆ ಬಂದು ನೋಡಿ, ಮತ್ತೆ ಕೇಳಿದಳು.

ಈಗ ರೋಮ್ ಹತ್ತಿರದ ಓಸ್ಟಿಯಾ ಆಂತಿಕಾಗೆ ಮಾಡುತ್ತಿದ್ದೇನೆ. ಹಳೇ ಬಂದರು ಊರು, ಜನಸಂದಣಿ ಕಮ್ಮಿ, ಮರದ ನೆರಳೂ ಇದೆ. ಅಮ್ಮ ಊರಿನಿಂದ ವಾಟ್ಸಾಪ್‌ನಲ್ಲಿ ಪ್ರಶ್ನೆ ಕಳಿಸುತ್ತಿದ್ದಾಳೆ. ಮಹಡಿ ಮನೆಯ ಮೇಲಿನವರು ನೀರು ಹೇಗೆ ಹೊತ್ತರು, ಹಡಗಿನ ಕೂಲಿಯವರು ಊಟ ಎಲ್ಲಿ ಮಾಡಿದರು, ಸಾಲಾಗಿ ಕೂರುವ ಕಲ್ಲಿನ ಕಕ್ಕಸಿಗೆ ಹೆಂಗಸರೂ ಹೋಗುತ್ತಿದ್ದರೇ ಅಂತ. ಮೂರನೆಯದಕ್ಕೆ ಇನ್ನೂ ಓದುತ್ತಿದ್ದೇನೆ.