ಯಂತ್ರ ‘ಬಂತೋ’, ‘ಬಂದಳೋ’: ಕನ್ನಡದಲ್ಲಿ ವಿಜ್ಞಾನ ಕತೆ ಕಟ್ಟುವ ಬಗೆ

ಭಾರತೀಯ ಸಾಹಿತ್ಯದ ಮನೆಗೆ ವಿಜ್ಞಾನ ಕತೆ ಬಂದದ್ದು ಪಕ್ಕದ ಬಾಗಿಲಿನಿಂದ. ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಚಂಡಮಾರುತದ ಕತೆ ಬರೆದದ್ದು ಕೂದಲೆಣ್ಣೆ ತಯಾರಕರ ಸ್ಪರ್ಧೆಗೆ. ರುಕಿಯಾ ಸಖಾವತ್ ಹುಸೇನರ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಅಚ್ಚಾದದ್ದು ಮದರಾಸಿನ ಮಹಿಳಾ ಪತ್ರಿಕೆಯಲ್ಲಿ. ಸತ್ಯಜಿತ್ ರಾಯ್ ಅವರ ವಿಜ್ಞಾನಿ ಪಾತ್ರ ಪ್ರೊಫೆಸರ್ ಶೊಂಕು 1961ರಲ್ಲಿ ಕಣ್ಣುಬಿಟ್ಟದ್ದು ಮಕ್ಕಳ ಪತ್ರಿಕೆ ‘ಸಂದೇಶ್’ನಲ್ಲಿ. ಜಯಂತ ನಾರ್ಳೀಕರರು 1974ರಲ್ಲಿ ಹೆಸರು ಮರೆಸಿ ಕತೆ ಕಳಿಸಿದ್ದು ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ. ಈ ಪ್ರಕಾರಕ್ಕೆ ಪಾಠ ಹೇಳುವ ಚಾಳಿ ಇನ್ನೂ ಅಂಟಿಕೊಂಡಿರುವುದಕ್ಕೆ ಬಂದ ದಾರಿಯೂ ಒಂದು ಕಾರಣ ಎಂಬುದು ನನ್ನ ಲೆಕ್ಕ.

ಬೋಸರ ಕತೆಯಿಂದ ನಾನು ಎತ್ತಿಕೊಂಡ ಸೂತ್ರ ಒಂದೇ: ಕತೆಗೊಂದೇ ಸುಳ್ಳು, ಅದೂ ಅಳತೆಯ ಸುಳ್ಳು. ನೀರಿನ ಮೇಲೆ ಎಣ್ಣೆ ಹರಡಿದರೆ ಸಣ್ಣ ಅಲೆಗಳು ತಣಿಯುವುದು ನಿಜ. ಒಂದು ಸೀಸೆ ಎಣ್ಣೆಗೆ ಚಂಡಮಾರುತವೇ ಅಡಗಿತು ಎನ್ನುವುದು ಸುಳ್ಳು. ಉಳಿದದ್ದೆಲ್ಲ, ವಿದ್ವಾಂಸರ ಜಗಳವೂ ಸೇರಿ, ನಾವು ಕಂಡ ಲೋಕವೇ. ಎರಡನೆಯ ಸುಳ್ಳು ಬಂದಲ್ಲಿ ಓದುಗ ಲೆಕ್ಕ ಇಡುವುದನ್ನು ಬಿಡುತ್ತಾನೆ. ಆಮೇಲೆ ಏನು ನಡೆದರೂ ಅದು ಬರೀ ಮಾಯಾಜಾಲ.

ಹಾಗಾಗಿ ಮೊದಲು ಆ ಸುಳ್ಳನ್ನು ಒಂದು ವಾಕ್ಯದಲ್ಲಿ ಬರೆದು, ಅದರ ಕೆಳಗೆ ಅಂಕಿಗಳ ಪಟ್ಟಿ ಮಾಡುತ್ತೇನೆ. ‘ಮಂಗಳದಲ್ಲಿ ಕನ್ನಡದ ಸಂಸಾರಗಳಿವೆ’ ಎನ್ನುವುದು ಸುಳ್ಳು ಎಂದಿಟ್ಟುಕೊಳ್ಳಿ. ಅಲ್ಲಿಂದ ಭೂಮಿಗೆ ರೇಡಿಯೋ ಅಲೆ ಮುಟ್ಟಲು 3ರಿಂದ 22 ನಿಮಿಷ ಬೇಕು. ಅಲ್ಲಿರುವ ಮಗಳನ್ನು ‘ಊಟ ಆಯ್ತಾ?’ ಎಂದು ಭೂಮಿಯಿಂದ ಕೇಳಿದ ತಾಯಿಗೆ ಉತ್ತರ ಸಿಗುವುದು ಬೇಗವೆಂದರೆ 6 ನಿಮಿಷಕ್ಕೆ, ತಡವೆಂದರೆ 44 ನಿಮಿಷಕ್ಕೆ. ಇಲ್ಲಿ ಫೋನ್ ಸಂಭಾಷಣೆ ಬರೆದರೆ ಕತೆ ಸತ್ತಂತೆ; ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಅಲ್ಲಿಯ ದಿನ 24 ಗಂಟೆ 39 ನಿಮಿಷ ಚಿಲ್ಲರೆ. ಇಂದು ಇಬ್ಬರಿಗೂ ಬೆಳಗಿನ ಏಳಾಗಿದ್ದರೆ, ಹದಿನೆಂಟು ದಿನ ಕಳೆಯುವಷ್ಟರಲ್ಲಿ ತಾಯಿಯ ಬೆಳಗು ಮಗಳಿಗೆ ಸಂಜೆ. ಮನೆಯೊಳಗಿನ ಗಾಳಿಯ ಒತ್ತಡವನ್ನು ನಮ್ಮ ಸಮುದ್ರಮಟ್ಟದ ಶೇ. 70ಕ್ಕೆ ಇಳಿಸಿದ್ದರೆ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿಲ್ಲದೆ ತೊಗರಿಬೇಳೆ ಬೇಗ ಬೇಯುವುದಿಲ್ಲ. ಅಲ್ಲಿಯ ಫೋಬೋಸ್ ಚಂದ್ರ ಸುಮಾರು 11 ಗಂಟೆಗೊಮ್ಮೆ ಹುಟ್ಟುತ್ತದೆ, ಅದೂ ಪಶ್ಚಿಮದಲ್ಲಿ. ಸಂಕಷ್ಟಿ ಹಿಡಿದ ಅಜ್ಜಿ ಯಾವ ಚಂದ್ರೋದಯಕ್ಕೆ ಉಪವಾಸ ಬಿಡಬೇಕು? ಕತೆ ಇರುವುದು ಈ ಪ್ರಶ್ನೆಯಲ್ಲಿ, ರಾಕೆಟ್ಟಿನಲ್ಲಿ ಅಲ್ಲ.

ಪಟ್ಟಿಯಲ್ಲಿ ಇಪ್ಪತ್ತು ಅಂಕಿ ಇದ್ದರೂ ಕತೆಗೆ ಹೋಗುವುದು ಮೂರೋ ನಾಲ್ಕೋ. ಒಂದೆಡೆ ನಲವತ್ತು ಪದಕ್ಕಿಂತ ಹೆಚ್ಚು ವಿವರಣೆ ಬಂದರೆ ಅದನ್ನು ಅಳಿಸಿ, ಅದೇ ಸಂಗತಿಯನ್ನು ಯಾರಾದರೂ ಮಾಡುವ ಕೆಲಸವಾಗಿ ಬರೆಯುತ್ತೇನೆ. ಒತ್ತಡದ ಪಾಠ ಬೇಡ, ಕುಕ್ಕರಿನ ಗ್ಯಾಸ್ಕೆಟ್ ಹರಿದುಹೋದರೆ ಸಾಕು. ‘ಇದೆಲ್ಲ ನಮ್ಮ ಪುರಾಣದಲ್ಲೇ ಇತ್ತು’ ಎಂಬ ಊರುಗೋಲು ಇನ್ನೊಂದು ಅಪಾಯ: ಪುಷ್ಪಕ ವಿಮಾನ ಇಳಿಯಿತೆಂದರೆ ಇಂಧನದ ಲೆಕ್ಕ ಕೇಳುವವರೇ ಇರುವುದಿಲ್ಲ.

ಪದಗಳಿಗೆ ನನ್ನದು ವಿಭಕ್ತಿಯ ಪರೀಕ್ಷೆ. ಹೊಸ ಪದಕ್ಕೆ ‘ಅನ್ನು, ಇಂದ, ಗೆ, ಅಲ್ಲಿ’ ಹಚ್ಚಿ ಗಟ್ಟಿಯಾಗಿ ಓದಬೇಕು. ‘ಆಮ್ಲಜನಕ ಉತ್ಪಾದನಾ ಘಟಕದಲ್ಲಿ’ ಎನ್ನುವಷ್ಟರಲ್ಲಿ ಅಲ್ಲಿ ದುಡಿಯುವವನ ಉಸಿರೇ ಮುಗಿದೀತು. ಅವನ ಬಾಯಲ್ಲಿ ಅದು ‘ಗಾಳಿಮನೆ’. ಬಸ್ಸು, ಪಂಪು, ಕಾರುಗಳಿಗೆ ಉಕಾರ ಕೊಟ್ಟು ಒಳಗೆ ಬಿಟ್ಟುಕೊಂಡ ಭಾಷೆಗೆ ‘ಡ್ರೋನು’ ಭಾರವಲ್ಲ. ನಿರೂಪಕ ‘ಸಂಜ್ಞೆ’ ಎನ್ನಲಿ, ಪಾತ್ರಗಳು ‘ಸಿಗ್ನಲ್ ಇಲ್ಲ’ ಎಂದೇ ಅನ್ನಲಿ.

ಇಂಗ್ಲಿಷಿಗೆ ಸುಲಭದಲ್ಲಿ ಸಿಗದ ಒಂದು ಹತಾರ ನಮ್ಮ ಕ್ರಿಯಾಪದದ ತುದಿಯಲ್ಲಿದೆ. ಯಂತ್ರ ‘ಬಂತು’. ಅದನ್ನೇ ಯಂತ್ರಮಾನವ ಎಂದು ಕರೆದರೆ ‘ಬಂದ’. ಹೆಣ್ಣುದನಿ ಕೊಟ್ಟರೆ ‘ಬಂದಳು’. ಗೌರವ ಬಂದರೆ ‘ಬಂದರು’. ಮಗುವೂ ನಮ್ಮಲ್ಲಿ ‘ಅತ್ತಿತು’ ತಾನೆ? ಹಾಗಾಗಿ ‘ಅದು’ ಎಂದಾಕ್ಷಣ ಯಂತ್ರ ಬರೀ ವಸ್ತು ಎಂದು ತೀರ್ಮಾನವಾಗುವುದಿಲ್ಲ. ಪ್ರತಿ ಪಾತ್ರವೂ ಯಂತ್ರಕ್ಕೆ ಯಾವ ಪ್ರತ್ಯಯ ಹಚ್ಚುತ್ತದೆ, ಯಾವ ಪುಟದಲ್ಲಿ ಅದು ಬದಲಾಗುತ್ತದೆ ಎಂದು ಬರೆಯುವ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ. ಅಜ್ಜಿ ಆರಂಭದಿಂದ ‘ಅದಕ್ಕೆ ಹೇಳು’ ಎನ್ನುತ್ತಿದ್ದವಳು ಒಂದು ರಾತ್ರಿ ‘ಅವಳಿಗೆ ಚಳಿಯೇನೋ’ ಎಂದರೆ, ಯಂತ್ರಕ್ಕೆ ಪ್ರಜ್ಞೆ ಇದೆಯೇ ಎಂಬ ಎರಡು ಪುಟದ ಚರ್ಚೆಯನ್ನು ಕಿತ್ತುಹಾಕಬಹುದು. ಇಂಥ ಬದಲಾವಣೆ ಕತೆಯಲ್ಲಿ ಒಮ್ಮೆ ಮಾತ್ರ ಬರಬೇಕು. ಎರಡು ಸಲ ಬಂದರೆ ಗಿಮಿಕ್ಕು.

ಕರಡು ಮುಗಿದ ಮೇಲೆ ವಿಜ್ಞಾನ ಓದದ ಒಬ್ಬರಿಗೆ ಕತೆಯನ್ನು ಓದಿ ಹೇಳಬೇಕು. ‘ಹಂಗಂದ್ರೇನು?’ ಎಂದು ಅವರು ತಡೆದ ಜಾಗಗಳನ್ನಷ್ಟೇ ತಿದ್ದಿದರೆ ಸಾಕು. ಪತ್ರಿಕೆಗೆ ಕಳಿಸುವಾಗ ಮೊದಲ ಪುಟಕ್ಕೆ ಒಂದು ಚೀಟಿ ಲಗತ್ತಿಸುವುದನ್ನು ಮರೆಯಬೇಡಿ: ‘ಇಂಥ ಪುಟದಿಂದ ಯಂತ್ರದ ಕ್ರಿಯಾಪದ ಬದಲಾಗಿರುವುದು ಬೇಕೆಂದೇ.’ ಇಲ್ಲದಿದ್ದರೆ ಕರಡು ತಿದ್ದುವವರು ಎಲ್ಲವನ್ನೂ ನಿಷ್ಠೆಯಿಂದ ‘ಬಂತು’ ಮಾಡಿ ಕೊಡುತ್ತಾರೆ.