ಬಂದೂಕಿನ ಬಿಡಿಭಾಗ ಅಮೆರಿಕದಿಂದ ಊರಿಗೆ ಕಳಿಸುವ ಮುಂಚೆ

ಬಂದೂಕು ಕಳಿಸಲು ಅನುಮತಿ ಬೇಕು ಅಂತ ಎಲ್ಲರಿಗೂ ಗೊತ್ತು. ಅದರ ನಳಿಗೆ, ಟ್ರಿಗರ್, ಬೋಲ್ಟ್ ಬಿಡಿಯಾಗಿ ಕಳಿಸಲೂ ಅನುಮತಿ ಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿನ ಅಂಗಡಿಯಲ್ಲಿ ಗುರುತಿನ ಕಾರ್ಡೂ ಕೇಳದೆ ಕೊಡುತ್ತಾರೆ, ಆನ್‌ಲೈನ್‌ನಲ್ಲಿ ಮನೆಗೇ ಬರುತ್ತದೆ, ಹಾಗಾಗಿ ಅಂಚೆಯಲ್ಲೂ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅಮೆರಿಕದೊಳಗೆ ಕೊಳ್ಳುವ ನಿಯಮ ಬೇರೆ, ಗಡಿ ದಾಟಿಸುವ ನಿಯಮ ಬೇರೆ.

ನಾನು ನ್ಯೂಜೆರ್ಸಿಯಲ್ಲಿ ಒಂದು ಸರಕು ಸಾಗಣೆ ಕಂಪನಿಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ಹುಟ್ಟಿ ಬೆಳೆದದ್ದು ಕೊಡಗಿನ ಗೋಣಿಕೊಪ್ಪದ ಹತ್ತಿರ. ಕೋವಿ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಹಾಗಾಗಿ ಊರಿನವರೂ ಇಲ್ಲಿನ ಕನ್ನಡದವರೂ ಈ ಪ್ರಶ್ನೆ ಹಿಡಿದು ನನ್ನ ಹತ್ತಿರವೇ ಬರುತ್ತಾರೆ. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬ ಹತ್ತಿರ ಬಂತು ಅಂದರೆ ಫೋನು ಜಾಸ್ತಿ. ಎಲ್ಲರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಈ ಕಾಗದಗಳ ಮಧ್ಯೆಯೇ ನನ್ನ ಕೆಲಸ.

ಉದಾಹರಣೆಗೆ ನನ್ನ ಚಿಕ್ಕಪ್ಪನ ಮಗನ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿದ್ದಾನೆ, .22 ರೈಫಲ್ ಹೊಡೆಯುತ್ತಾನೆ, ಲೈಸೆನ್ಸ್ ಇದೆ. "ಅಕ್ಕ, ಡಿಸೆಂಬರಿಗೆ ಬರುವಾಗ ತಂದುಬಿಡು" ಅಂತ ವಾಟ್ಸ್‌ಆ್ಯಪ್‌ನಲ್ಲಿ ಐದು ಸಾಮಾನು ಬರೆದಿದ್ದ. ನಳಿಗೆ, ಟ್ರಿಗರ್, ಸ್ಕೋಪ್, ಹಿಂಬದಿಗೆ ಹಾಕುವ ರಬ್ಬರ್ ಪ್ಯಾಡ್, ಸ್ವಚ್ಛ ಮಾಡುವ ಬ್ರಷ್. ಕಣ್ಣಿಗೆ ಎಲ್ಲವೂ ಒಂದೇ ಜಾತಿ. ಕಾನೂನಿಗೆ ಹಾಗಲ್ಲ.

ಮೊದಲ ಕೆಲಸ: ಪ್ರತಿ ಸಾಮಾನಿನ ನಂಬರ್ ಹುಡುಕಿ

ಅಮೆರಿಕದಲ್ಲಿ ಎರಡು ಪಟ್ಟಿಗಳಿವೆ. ಒಂದು ವಿದೇಶಾಂಗ ಇಲಾಖೆಯದು, ಅದರ ನಿಯಮಕ್ಕೆ ಐಟಾರ್ ಅನ್ನುತ್ತಾರೆ. ಇನ್ನೊಂದು ವಾಣಿಜ್ಯ ಇಲಾಖೆಯದು, ಅದನ್ನು ನೋಡಿಕೊಳ್ಳುವ ಕಚೇರಿ ಬಿಐಎಸ್. ನಮ್ಮ ಐಎಸ್‌ಐ ಮಾರ್ಕಿನ ಬಿಐಎಸ್ ಅಲ್ಲ ಇದು, ಅಮೆರಿಕದ ರಫ್ತು ನಿಯಂತ್ರಣ ಕಚೇರಿ. 2020ರ ಮಾರ್ಚ್ 9ರವರೆಗೆ ಬಹುತೇಕ ಬಂದೂಕುಗಳು ವಿದೇಶಾಂಗ ಇಲಾಖೆಯ ಪಟ್ಟಿಯಲ್ಲಿದ್ದವು. ಆ ದಿನದಿಂದ .50 ಕ್ಯಾಲಿಬರ್‌ವರೆಗಿನ ಸಾಮಾನ್ಯ ಬಂದೂಕುಗಳು, ಅವುಗಳ ಭಾಗಗಳು ವಾಣಿಜ್ಯ ಇಲಾಖೆಗೆ ಬಂದವು. ಪೂರ್ತಿ ಆಟೊಮ್ಯಾಟಿಕ್ ಬಂದೂಕು, ಸದ್ದು ಅಡಗಿಸುವ ಸೈಲೆನ್ಸರ್ ಈಗಲೂ ವಿದೇಶಾಂಗ ಇಲಾಖೆಯ ಕೈಯಲ್ಲೇ ಇವೆ. 2020ಕ್ಕಿಂತ ಹಳೆಯ ಲೇಖನ ಓದಿ ಯಾರಾದರೂ ನಿಮಗೆ ಸಲಹೆ ಕೊಟ್ಟರೆ ಅದನ್ನು ಬಿಟ್ಟುಬಿಡಿ.

ವಾಣಿಜ್ಯ ಇಲಾಖೆಯ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರ್ ಇದೆ. ಬಂದೂಕು ಮತ್ತು ಅದರ ಭಾಗಗಳಿಗೆ 0ಎ501. ಅದರೊಳಗೆ ಮತ್ತೆ ಉಪನಂಬರ್‌ಗಳು. ನಳಿಗೆ, ಬೋಲ್ಟ್, ಟ್ರಿಗರ್, ಹ್ಯಾಮರ್ ಇವೆಲ್ಲ 0ಎ501.ಸಿ. ಬಂದೂಕಿನ ಮೈಯಾದ ರಿಸೀವರ್ 0ಎ501.ಇ. ಬಂದೂಕಿಗೆಂದೇ ಮಾಡಿದ, ಬೇರೆಲ್ಲೂ ಹೆಸರಿಲ್ಲದ ಭಾಗ 0ಎ501.ಎಕ್ಸ್. ಇವುಗಳನ್ನು ಭಾರತಕ್ಕೆ ಕಳಿಸಲು ಲೈಸೆನ್ಸ್ ಬೇಕು. ಕಡಿಮೆ ಬೆಲೆಯ ಕೆಲವು ಭಾಗಗಳಿಗೆ ಷರತ್ತಿನ ವಿನಾಯಿತಿ ಇದೆ. ಆದರೆ ಅದು ಭಾಗ ನೋಡಿ, ದೇಶ ನೋಡಿ ಕೊಡುವಂಥದ್ದು. "ಐವತ್ತು ಡಾಲರಿನ ಸಾಮಾನಲ್ವಾ, ನಡೆಯುತ್ತೆ" ಅಂತ ನೀವೇ ತೀರ್ಮಾನ ಮಾಡಬೇಡಿ.

ರಬ್ಬರ್ ಪ್ಯಾಡ್ ವಿಷಯ ಬೇರೆ. ಅದು 0ಎ501.ವೈ ಅನ್ನುವ ಹಗುರ ಗುಂಪು. ಸ್ಕೋಪ್ ಕೂರಿಸುವ ಮೌಂಟ್, ಕಬ್ಬಿಣದ ಸೈಟ್, ಪಟ್ಟಿ ಸಿಕ್ಕಿಸುವ ಕೊಂಡಿ ಇಂಥವು ಅಲ್ಲಿ ಬರುತ್ತವೆ. ನಿರ್ಬಂಧ ಬಹಳ ಕಡಿಮೆ. ಬ್ರಷ್ ಅಂತೂ ಸಾಮಾನ್ಯ ಸರಕು.

ಸ್ಕೋಪ್ ಹತ್ತಿರ ಸ್ವಲ್ಪ ನಿಲ್ಲಬೇಕು. ಜನ ಅದನ್ನು ದುರ್ಬೀನಿನ ಹಾಗೆ ನೋಡುತ್ತಾರೆ. ಅದಕ್ಕೆ 0ಎ504 ಅಂತ ತನ್ನದೇ ನಂಬರ್ ಇದೆ, ಲೈಸೆನ್ಸ್ ಪ್ರಶ್ನೆ ಅಲ್ಲೂ ಬರುತ್ತದೆ. ಕತ್ತಲಲ್ಲಿ ಕಾಣುವ ಅಥವಾ ಬಿಸಿ ಗುರುತಿಸುವ ಸ್ಕೋಪ್ ಆದರೆ ಇನ್ನೂ ಬಿಗಿಯಾದ ಪಟ್ಟಿಗೆ ಹೋಗುತ್ತದೆ. ಕಾಡುಹಂದಿ ಕಾಟ ಅಂತ ಊರಿನಿಂದ ಥರ್ಮಲ್ ಸ್ಕೋಪ್ ಕೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ನಮ್ಮ ಗದ್ದೆಯಲ್ಲೂ ಅದೇ ಕಾಟ. ಆದರೂ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುವ ವಸ್ತು ಅಲ್ಲ ಅದು.

ಇನ್ನೊಂದು ಗಮನಿಸಿ. ರೈಫಲ್ ಬೇರೆ, ಶಾಟ್‌ಗನ್ ಬೇರೆ. ಊರಿನ ಜೋಡುನಳಿಗೆ ಕೋವಿ ಶಾಟ್‌ಗನ್ ಜಾತಿಯದು. ಅದರ ನಂಬರ್ 0ಎ502. ಅಲ್ಲಿ ಭಾಗಗಳ ಪಟ್ಟಿ ಚಿಕ್ಕದು: ಪೂರ್ತಿ ಟ್ರಿಗರ್ ಜೋಡಣೆ, ಮ್ಯಾಗಜೀನ್, ಪೂರ್ತಿ ಬ್ರೀಚ್ (ತೋಟಾ ಕೂರುವ ನಳಿಗೆಯ ಹಿಂಬದಿ) ಜೋಡಣೆ. ಯಾವ ಬಂದೂಕಿನದು ಅನ್ನುವುದರ ಮೇಲೆ ಒಂದೇ ಹೆಸರಿನ ಭಾಗಕ್ಕೂ ನಿಯಮ ಬದಲಾಗುತ್ತದೆ. ಅದಕ್ಕೇ ತಯಾರಕರಿಗೆ ಇಮೇಲ್ ಬರೆದು, ಭಾಗದ ಮಾಡೆಲ್ ನಂಬರ್ ಕೊಟ್ಟು, ರಫ್ತು ನಂಬರ್ ಲಿಖಿತವಾಗಿ ತರಿಸಿಕೊಳ್ಳಿ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಎರಡನೆಯದು: ಭಾರತದ ಅನುಮತಿ ಮೊದಲು

ಬಹಳ ಜನ ಇದನ್ನು ಕೊನೆಗೆ ಇಡುತ್ತಾರೆ. ನಾನು ಮೊದಲು ಇಡಿ ಅನ್ನುತ್ತೇನೆ. ಭಾರತದ ಆಮದು ಅನುಮತಿ ಇಲ್ಲದಿದ್ದರೆ ಅಮೆರಿಕದ ಲೈಸೆನ್ಸ್ ಸಿಕ್ಕರೂ ಸಾಮಾನು ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಅದನ್ನು ತರಿಸಿಕೊಂಡವರ ಮೇಲೆ ಕೇಸ್ ಆಗಬಹುದು.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಅಂದರೆ ಅದರ ಭಾಗಗಳೂ ಸೇರಿ. ಇದು 2ನೇ ಕಲಮಿನಲ್ಲೇ ಇದೆ. 10ನೇ ಕಲಮು ಹೇಳುವುದು: ಸಮುದ್ರ, ನೆಲ, ಆಕಾಶ ಯಾವ ದಾರಿಯಲ್ಲೇ ಆಗಲಿ, ಲೈಸೆನ್ಸ್ ಇಲ್ಲದೆ ಶಸ್ತ್ರ ಒಳಗೆ ತರುವ ಹಾಗಿಲ್ಲ, ಹೊರಗೆ ಒಯ್ಯುವ ಹಾಗೂ ಇಲ್ಲ. 25ನೇ ಕಲಮಿನಲ್ಲಿ ಶಿಕ್ಷೆಗಳಿವೆ. 2019ರ ತಿದ್ದುಪಡಿ ಅವನ್ನು ಜಾಸ್ತಿ ಮಾಡಿತು. ಅಕ್ರಮ ಸಾಗಣೆ ಅಂತ ತೀರ್ಮಾನವಾದರೆ ಕನಿಷ್ಠ 10 ವರ್ಷ ಜೈಲು.

ಕೊಡಗಿನವರು ಇಲ್ಲಿ ಒಂದು ಮಾತು ಕೇಳಿಯೇ ಕೇಳುತ್ತಾರೆ. "ನಮಗೆ ವಿನಾಯಿತಿ ಇದೆಯಲ್ಲ?" ಇದೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ 1963ರ ಅಧಿಸೂಚನೆಯಿಂದ ಬಂದ ವಿನಾಯಿತಿ ಅದು. 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿದರು, 2029ರ ಅಕ್ಟೋಬರ್ 31ರವರೆಗೆ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮಗದು ಹೆಮ್ಮೆಯ ವಿಷಯ. ಆದರೆ ಅದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ, ಹಿಡಿದು ಓಡಾಡುವುದಕ್ಕೆ ಸಂಬಂಧಿಸಿದ ವಿನಾಯಿತಿ. ವಿದೇಶದಿಂದ ತರಿಸುವ ಹಕ್ಕು ಅಂತ ಅದನ್ನು ಓದಬೇಡಿ. ಒಬ್ಬರು ಬೇಕಾಬಿಟ್ಟಿ ತರಿಸಿ ಸಿಕ್ಕಿಬಿದ್ದರೆ ಮಾತು ಇಡೀ ಕೊಡಗಿನ ವಿನಾಯಿತಿಯ ಮೇಲೆ ಬರುತ್ತದೆ. ನನಗೆ ನಿಜವಾಗಿ ಭಯ ಇರುವುದು ಅಲ್ಲಿ.

ಶಸ್ತ್ರಾಸ್ತ್ರ ಕಾಯ್ದೆಯ ಜೊತೆಗೆ ವಿದೇಶ ವ್ಯಾಪಾರದ ನೀತಿಯೂ ಇದೆ. ಅದನ್ನು ನೋಡಿಕೊಳ್ಳುವುದು ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಆಮದು ಪಟ್ಟಿಯ 93ನೇ ಅಧ್ಯಾಯ ಪೂರ್ತಿ ಶಸ್ತ್ರಗಳದು. ಅದರಲ್ಲಿ 9305 ಬಿಡಿಭಾಗಗಳ ನಂಬರ್. ಈ ಅಧ್ಯಾಯದ ಆಮದಿಗೆ ನಿರ್ಬಂಧವಿದೆ. ಯಾರೆಂದರೆ ಅವರು ತರಿಸುವಂತಿಲ್ಲ. ಹೆಸರಾದ ಶೂಟರ್‌ಗಳು, ರೈಫಲ್ ಕ್ಲಬ್‌ಗಳು ಸ್ವಂತ ಬಳಕೆಗೆ ತರಿಸಲು ಒಂದು ದಾರಿ ಇದೆ. ಅದಕ್ಕೆ ಕ್ರೀಡಾ ಇಲಾಖೆಯ ಶಿಫಾರಸು ಬೇಕು. ನನ್ನ ತಮ್ಮನಿಗೆ ನಾನು ಹೇಳಿದ್ದೂ ಇದನ್ನೇ: ನನ್ನ ಸೂಟ್‌ಕೇಸ್ ಬಿಡು, ನಿನ್ನ ಕ್ಲಬ್ಬಿನ ಕಾರ್ಯದರ್ಶಿಯನ್ನು ನೋಡು. ಕ್ಲಬ್‌ಗಳಿಗೆ ಈ ದಾರಿ ಗೊತ್ತಿರುತ್ತದೆ. ಜರ್ಮನಿಯಿಂದ ವಾಲ್ಥರ್, ಫೈನ್‌ವರ್ಕ್‌ಬೌ ಎಂಬ ಬಂದೂಕು ಕಂಪನಿಗಳ ಸಾಮಾನು ನಮ್ಮ ಶೂಟರ್‌ಗಳ ಕೈಗೆ ಸೇರುವುದು ಇಂಥ ದಾರಿಯಲ್ಲೇ.

ಏರ್ ರೈಫಲ್ ಮಾತ್ರ ಸ್ವಲ್ಪ ಬೇರೆ. 20 ಜೂಲ್‌ಗಿಂತ ಕಡಿಮೆ ಶಕ್ತಿ, .177 ಅಳತೆ ಇದ್ದರೆ ಊರಿನಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಹಾಗಂತ ಆಮದು ಸಲೀಸು ಅಂದುಕೊಳ್ಳಬೇಡಿ. ಅದೂ 93ನೇ ಅಧ್ಯಾಯದ ವಸ್ತುವೇ.

ಮೂರನೆಯದು: ಅಮೆರಿಕದ ಅರ್ಜಿ

ಭಾರತದ ಕಾಗದ ಕೈಗೆ ಬಂದ ಮೇಲೆ ಬಿಐಎಸ್‌ಗೆ ಅರ್ಜಿ. ಸ್ನ್ಯಾಪ್-ಆರ್ ಅನ್ನುವ ಅವರ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಬೇಕು. ಅರ್ಜಿಗೆ ಶುಲ್ಕ ಇಲ್ಲ. ಯಾರು ಕಳಿಸುತ್ತಿದ್ದಾರೆ, ಯಾರು ಬಳಸುತ್ತಾರೆ, ಯಾವ ಬಂದೂಕಿಗೆ, ಎಷ್ಟು ಬೆಲೆ, ಎಲ್ಲ ಕೇಳುತ್ತಾರೆ. ತಮ್ಮನ ಶಸ್ತ್ರ ಲೈಸೆನ್ಸ್‌ನಲ್ಲಿ ಹೆಸರು ಹೇಗಿದೆಯೋ ಇಲ್ಲೂ ಹಾಗೇ ಬರೆಯಿರಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಆದರೆ ಅಷ್ಟಕ್ಕೇ ಪ್ರಶ್ನೆ ಬರುತ್ತದೆ. ಕೊಡಗಿನವರಿಗೆ ಮನೆ ಹೆಸರು ಮೊದಲು ಬರುವುದರಿಂದ ಈ ತೊಂದರೆ ಜಾಸ್ತಿ.

ಲೈಸೆನ್ಸ್ ಬೇಕಾದ ವಸ್ತು ಎಷ್ಟೇ ಅಗ್ಗವಾಗಿದ್ದರೂ ರಫ್ತಿನ ವಿವರವನ್ನು ಎಇಎಸ್ ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂಚೆಯೇ ದಾಖಲಿಸಬೇಕು. ಇನ್ವಾಯ್ಸ್‌ನಲ್ಲಿ ಅಮೆರಿಕ ಸರ್ಕಾರದ ನಿಯಂತ್ರಣದ ವಸ್ತು ಅನ್ನುವ ಹೇಳಿಕೆ ಇರಬೇಕು. ಇದನ್ನು ನನ್ನಂಥ ಸಾಗಣೆ ಕಂಪನಿಯವರು ಮಾಡಿಕೊಡುತ್ತಾರೆ. ಕೊರಿಯರ್ ಕಂಪನಿಯನ್ನು ಮುಂಚೆಯೇ ಕೇಳಿ. ಕಾನೂನು ಒಪ್ಪಿದರೂ ಅವರು ಒಪ್ಪದೇ ಇರಬಹುದು. ಸರಕು ಯಾವ ದೇಶದಲ್ಲಿ ವಿಮಾನ ಬದಲಿಸುತ್ತದೆ ಅಂತಲೂ ಕೇಳಿ. ಆ ದೇಶಕ್ಕೂ ತನ್ನ ನಿಯಮ ಇರುತ್ತದೆ. ನೇರ ವಿಮಾನ ಸಿಕ್ಕರೆ ಅದೇ ಒಳ್ಳೆಯದು.

"ಬ್ಯಾಗಿನಲ್ಲಿ ಒಯ್ಯಲು ವಿನಾಯಿತಿ ಇದೆಯಂತೆ" ಅಂತ ಕೆಲವರು ಹೇಳುತ್ತಾರೆ. ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಸ್ವಂತ ಬಳಕೆಗೆ 3 ಬಂದೂಕು, 1,000 ಗುಂಡುಗಳವರೆಗೆ ಕಸ್ಟಮ್ಸ್‌ಗೆ ತೋರಿಸಿ ಒಯ್ಯಬಹುದು, ನಿಜ. ಆದರೆ ಸ್ವಂತಕ್ಕೆ ಮಾತ್ರ. ಮಾರುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ತಮ್ಮನಿಗೆ ಉಡುಗೊರೆ ಅಂದ ಕೂಡಲೇ ಆ ವಿನಾಯಿತಿ ಮುಗಿಯಿತು. ಭಾರತದ ಕಡೆಯ ನಿಯಮ ಹೇಗೂ ಹಾಗೇ ಇದೆ.

ಡಬ್ಬದ ಮೇಲೆ "ಯಂತ್ರದ ಭಾಗ" ಅಂತಲೋ "ಸೈಕಲ್ ಪಾರ್ಟ್ಸ್" ಅಂತಲೋ ಬರೆಯಲು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಎಕ್ಸ್‌ರೇಯಲ್ಲಿ ನಳಿಗೆ ನಳಿಗೆಯ ಹಾಗೇ ಕಾಣುತ್ತದೆ. ಸುಳ್ಳು ಬರೆದ ಮೇಲೆ ಗೊತ್ತಿರಲಿಲ್ಲ ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಅಮೆರಿಕದಲ್ಲಿ ಬೇಕೆಂದೇ ರಫ್ತು ನಿಯಮ ಮುರಿದರೆ 20 ವರ್ಷದವರೆಗೆ ಜೈಲು, 10 ಲಕ್ಷ ಡಾಲರ್‌ವರೆಗೆ ದಂಡ. ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರು ಇದನ್ನು ಎರಡು ಸಲ ಓದಿ.

ಡ್ರಾಯಿಂಗ್‌ಗಳಿಗೂ ಇದು ಅನ್ವಯಿಸುತ್ತದೆ. ರಿಸೀವರ್ ಅನ್ನು ತ್ರೀಡಿ ಪ್ರಿಂಟರ್‌ನಲ್ಲಿ ನೇರವಾಗಿ ಮಾಡಬಹುದಾದ ಫೈಲನ್ನು ಇಂಟರ್ನೆಟ್‌ಗೆ ಹಾಕುವುದೂ ಬಿಐಎಸ್ ನಿಯಮದೊಳಗೇ ಬರುತ್ತದೆ. ಎಂಜಿನಿಯರ್ ಹುಡುಗರು ಸುಮ್ನೆ ಗೆಳೆಯರಿಗೆ ಕಳಿಸಿಬಿಡುತ್ತಾರೆ, ಬೇಡ.

ತಾತನ ಕೋವಿ ಇಲ್ಲಿಗೆ ತರಿಸಬೇಕಾದರೆ

ಇದು ಉಲ್ಟಾ ಪ್ರಯಾಣ. ಭಾರತದಿಂದ ಹೊರಡುವಾಗ ಅದೇ 10ನೇ ಕಲಮು. ಜೊತೆಗೆ ಸ್ಕೊಮೆಟ್ ಅನ್ನುವ ರಫ್ತು ನಿಯಂತ್ರಣ ಪಟ್ಟಿಯ 6ನೇ ವಿಭಾಗ, ಅದರ ಅನುಮತಿ ರಕ್ಷಣಾ ಉತ್ಪಾದನಾ ಇಲಾಖೆಯದು. ಅಮೆರಿಕಕ್ಕೆ ಬರುವಾಗ ಬಂದೂಕುಗಳನ್ನು ನೋಡಿಕೊಳ್ಳುವ ಎಟಿಎಫ್ ಕಚೇರಿಯ ಆಮದು ಅನುಮತಿಯ ಫಾರ್ಮ್ 6. ಈ ಫಾರ್ಮ್ ಸರಕು ಹೊರಡುವ ಮುಂಚೆ ಆಗಬೇಕು, ಬಂದ ಮೇಲೆ ಅಲ್ಲ.

ಮನೆಯ ಹಳೆಯ ತೋಟಾಕೋವಿ 100 ವರ್ಷ ದಾಟಿದ್ದರೆ ಇನ್ನೊಂದು ಕಾಯ್ದೆ ಬರುತ್ತದೆ, 1972ರ ಪ್ರಾಚ್ಯವಸ್ತು ಕಾಯ್ದೆ. ಪ್ರಾಚ್ಯವಸ್ತು ಅಂತ ಆದರೆ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬೆಳ್ಳಿ ಕೆತ್ತನೆಯ ಹಿಡಿಯನ್ನು ಮಾತ್ರ ಬಿಚ್ಚಿ ತರಿಸುತ್ತೇನೆ ಅಂತ ಒಬ್ಬರು ಕೇಳಿದರು. ಬೇಡ ಅಂದೆ. ಆ ಕೋವಿ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲೇ ಇರಲಿ. ಹಬ್ಬದ ದಿನ ಅದಕ್ಕೆ ಹೂ ಇಡುವವರು ಅಲ್ಲಿದ್ದಾರೆ.

ಕಾಗದ ಇಟ್ಟುಕೊಳ್ಳುವುದು

ಅರ್ಜಿ, ಲೈಸೆನ್ಸ್, ಇನ್ವಾಯ್ಸ್, ತಯಾರಕರ ಇಮೇಲ್, ತಲುಪಿದ ರಸೀದಿ, ಎಲ್ಲವನ್ನೂ 5 ವರ್ಷ ಇಡಬೇಕು ಅಂತ ಅಮೆರಿಕದ ನಿಯಮ. ಕಳಿಸುವ ದಿನ ನಿಯಮಗಳನ್ನು ಮತ್ತೊಮ್ಮೆ ನೋಡಿ. 2024ರಲ್ಲಿ ಬಿಗಿ ಮಾಡಿದ ಬಂದೂಕು ರಫ್ತು ನಿಯಮಗಳನ್ನು 2025ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಈ ವಿಷಯದಲ್ಲಿ ಹೋದ ವರ್ಷದ ಮಾಹಿತಿ ಸಾಲದು.

ಇದನ್ನೆಲ್ಲ ಓದುವ ಮುಂಚೆಯೇ ಏನಾದರೂ ಕಳಿಸಿದ್ದರೆ ಎರಡನೇ ಡಬ್ಬ ಕಳಿಸಬೇಡಿ, ಇಮೇಲ್ ಅಳಿಸಬೇಡಿ. ರಫ್ತು ಕಾನೂನು ಗೊತ್ತಿರುವ ವಕೀಲರನ್ನು ಹಿಡಿಯಿರಿ. ನಾವಾಗಿಯೇ ಮುಂದೆ ಬಂದು ತಿಳಿಸಲು ಬಿಐಎಸ್‌ನಲ್ಲಿ ಒಂದು ವ್ಯವಸ್ಥೆ ಇದೆ. ಅವರು ಬಂದು ಕೇಳುವ ಮುಂಚೆ ನೀವೇ ಹೇಳಿದರೆ ಅದನ್ನು ನಿಮ್ಮ ಪರವಾಗಿ ಲೆಕ್ಕ ಹಿಡಿಯುತ್ತಾರೆ. ಊರಿನಲ್ಲಿ ಸಾಮಾನು ಪಡೆದವರಿಗೂ ವಕೀಲರು ಬೇರೆ ಇರಲಿ. ಅಲ್ಲಿಯ ಕಾನೂನು ಬೇರೆ, ಅವರ ಅಪಾಯ ನಿಮ್ಮದಕ್ಕಿಂತ ಜಾಸ್ತಿ.